ನಮ್ಮ ಪರವಾಗಿ ಒಂದು ಹಾಡು

ಮಂಡ್ಯದಿಂದ ಬೆಂಗಳೂರಿನ ನೆಂಟರ ಮನೆಗೆ ಹೊರಟವನು ಕೈಯಲ್ಲಿ ಏನು ಒಯ್ಯಬೇಕೆಂದು ತಲೆ ಕೆಡಿಸಿಕೊಳ್ಳುವುದಿಲ್ಲ. ದಾರಿಯಲ್ಲಿ ಮದ್ದೂರು ಇದ್ದೇ ಇದೆ. ವಡೆ ಕಟ್ಟಿಸಿಕೊಂಡರೆ ಆಯಿತು. ಕೊಟ್ಟವನಿಗೆ ಬರಿಗೈಯಲ್ಲಿ ಹೋದೆನೆಂಬ ಸಂಕೋಚವಿಲ್ಲ, ತೆಗೆದುಕೊಂಡವರಿಗೆ ಇವನು ಯಾವ ಕಡೆಯವನೆಂದು ಕೇಳುವ ಶ್ರಮವಿಲ್ಲ. ತಿನ್ನುವ ಪದಾರ್ಥದ ವಿಷಯದಲ್ಲಿ ಊರಿನ ಪರವಾಗಿ ಮಾತಾಡಬಲ್ಲದ್ದು ಯಾವುದೆಂಬುದು ನಮ್ಮಲ್ಲಿ ಎಂದೋ ತೀರ್ಮಾನವಾಗಿ ಹೋಗಿದೆ. ಅದಕ್ಕಾಗಿ ಯಾವ ಕಮಿಟಿಯೂ ಕೂಡಲಿಲ್ಲ, ಯಾರೂ ವೋಟು ಎಣಿಸಲಿಲ್ಲ. ತಿಂದವರ ನಾಲಗೆಯೇ ತೀರ್ಪು ಕೊಟ್ಟಿತು.

ಆದರೆ ‘ನಿಮ್ಮ ಕಡೆಯ ಪರವಾಗಿ ಒಂದು ಹಾಡು ಕಳುಹಿಸಿ’ ಎಂದು ದೂರದಿಂದ ಯಾರಾದರೂ ಕೇಳಿದರೆ? ಒಂದೇ ಒಂದು ಹಾಡು. ಅದನ್ನು ಕೇಳಿದವರು ‘ಓಹೋ, ಇವರು ಇಂಥವರು’ ಎಂದುಕೊಳ್ಳಬೇಕು. ಆಗ ವಡೆ ಕಟ್ಟಿಸಿದಷ್ಟು ಸುಲಭವಾಗಿ ಕೆಲಸ ಮುಗಿಯುವುದಿಲ್ಲ. ಅಣ್ಣತಮ್ಮಂದಿರಲ್ಲೇ ಮಾತು ಬೆಳೆಯುತ್ತದೆ. ಮನೆಯಲ್ಲೇ ಹೀಗಾದರೆ, ಇಡೀ ದೇಶವೊಂದು ತನ್ನ ಪರವಾಗಿ ಹಾಡನ್ನು ಆರಿಸಲು ಕುಳಿತರೆ ಏನಾಗಬೇಡ!

ಹಾಗೆ ಕೂಡುವ ದೇಶಗಳು ಇವೆ. ಯೂರೋಪಿನಲ್ಲಿ ಮೂವತ್ತಕ್ಕೂ ಹೆಚ್ಚು ದೇಶಗಳು ಪ್ರತಿ ವರ್ಷವೂ ಒಂದೊಂದು ಹಾಡನ್ನು ಆರಿಸಿ ಒಂದೇ ವೇದಿಕೆಗೆ ಕಳುಹಿಸುತ್ತವೆ. ಯೂರೋವಿಷನ್ ಎಂದು ಅದರ ಹೆಸರು. 1951ರಲ್ಲಿ ಇಟಲಿಯ ಸಾನ್ ರೆಮೊ ಊರಿನಲ್ಲಿ ಆರಂಭವಾದ ಹಾಡಿನ ಉತ್ಸವವೊಂದರ ಮೇಲ್ಪಂಕ್ತಿಯಲ್ಲಿ, 1956ರ ಮೇ ತಿಂಗಳಿನಲ್ಲಿ ಸ್ವಿಟ್ಜರ್‌ಲೆಂಡಿನ ಲುಗಾನೊ ನಗರದಲ್ಲಿ ಇದು ಮೊದಲಾಯಿತು. ಆ ಸಲ ಬಂದದ್ದು ಏಳೇ ದೇಶ, ತಲಾ ಎರಡೆರಡು ಹಾಡು. ಯುದ್ಧ ಮುಗಿದು ಹನ್ನೊಂದೇ ವರ್ಷವಾಗಿತ್ತು. ಒಬ್ಬರ ಊರನ್ನು ಒಬ್ಬರು ಸುಟ್ಟಿದ್ದ ಜನ ಒಬ್ಬರ ಹಾಡನ್ನು ಒಬ್ಬರು ಕೇಳುತ್ತ ಕುಳಿತರು ಎಂಬುದು ಸಣ್ಣ ಮಾತಲ್ಲ.

ಈಗ ಅಲ್ಲಿನ ಕಟ್ಟಳೆಗಳಲ್ಲಿ ಎರಡು ನನಗೆ ಬಹಳ ಹಿಡಿಸಿವೆ. ಮೊದಲನೆಯದು, ಯಾವ ದೇಶವೂ ತನ್ನ ಹಾಡಿಗೆ ತಾನೇ ಅಂಕ ಕೊಡುವಂತಿಲ್ಲ. ನಮ್ಮ ಸಭೆ ಸಮಾರಂಭಗಳಲ್ಲಿಯೂ, ಪ್ರಶಸ್ತಿ ಸಮಿತಿಗಳಲ್ಲಿಯೂ ಈ ಕಟ್ಟಳೆಯನ್ನು ಜಾರಿಗೆ ತಂದರೆ ಎಷ್ಟು ಸಮಯ ಉಳಿಯುತ್ತದೆಯೆಂದು ಓದುಗರೇ ಲೆಕ್ಕ ಹಾಕಿಕೊಳ್ಳಬಹುದು. ಎರಡನೆಯದು, ಹಾಡು ಮೂರು ನಿಮಿಷವನ್ನು ಮೀರುವಂತಿಲ್ಲ. ಈ ಎರಡನೆಯ ಕಟ್ಟಳೆ ಕೇಳುವುದಕ್ಕೆ ಸಾಧು. ಆದರೆ ಅದರ ಹೊಟ್ಟೆಯೊಳಗೆ ದೊಡ್ಡ ಪ್ರಶ್ನೆಯೊಂದಿದೆ. ಅದು ಮುಂದೆ ಮಳವಳ್ಳಿಯಲ್ಲಿ ಹೊರಬಿತ್ತು.

ಮಂಡ್ಯದಲ್ಲಿ ಕುಳಿತವನಿಗೆ ಈ ಯೂರೋಪಿನ ಸುದ್ದಿ ಏಕೆ ಎಂದು ನೀವು ಕೇಳಬಹುದು. ಮದ್ದೂರಿನಲ್ಲಿರುವ ನನ್ನ ಅಕ್ಕನ ಮಗಳು ಸಂಸಾರ ಸಮೇತ ಸ್ವೀಡನ್ ದೇಶದಲ್ಲಿದ್ದಾಳೆ. ಆಕೆಗೊಬ್ಬಳು ಮಗಳು, ನನಗೆ ಮೊಮ್ಮಗಳಾಗಬೇಕು. 2025ರಲ್ಲಿ ಅವಳಿಗೆ ಒಂಬತ್ತು ವರ್ಷ. ಸ್ವೀಡನ್ನಿನಲ್ಲಿ ಫೆಬ್ರವರಿ ಮಾರ್ಚಿ ತಿಂಗಳುಗಳಲ್ಲಿ, ಹೊರಗೆ ಹಿಮ ಬಿದ್ದು ಜನ ಮನೆಯೊಳಗೆ ಸೇರಿರುವ ಕಾಲದಲ್ಲಿ, ಆರು ವಾರ ಪ್ರತಿ ಶನಿವಾರ ರಾತ್ರಿ ದೇಶದ ಹಾಡನ್ನು ಆರಿಸುವ ಸ್ಪರ್ಧೆ ನಡೆಯುತ್ತದೆ. ಮೆಲೊಡಿಫೆಸ್ಟಿವಾಲೆನ್ ಎಂದು ಅದರ ಉದ್ದನೆಯ ಹೆಸರು. ನಮ್ಮ ನಾಟಕ ಕಂಪನಿಗಳು ಕ್ಯಾಂಪು ಹಾಕುತ್ತಿದ್ದ ಹಾಗೆ, ಅದು ವಾರಕ್ಕೊಂದು ಊರಿನಲ್ಲಿ ಬಿಡಾರ ಹೂಡಿ ಕೊನೆಗೆ ರಾಜಧಾನಿ ಸೇರುತ್ತದೆ. ಮನೆಮನೆಯಲ್ಲೂ ಜನ ಕುಳಿತು ವೋಟು ಹಾಕುತ್ತಾರೆ. ವಯಸ್ಸಿಗೆ ತಕ್ಕಂತೆ ವೋಟಿನ ಗುಂಪುಗಳು; ಮೂರು ವರ್ಷದಿಂದ ಒಂಬತ್ತು ವರ್ಷದ ಮಕ್ಕಳಿಗೇ ಬೇರೆ ಗುಂಪು! ನಮ್ಮಲ್ಲಿ ಹದಿನೆಂಟು ತುಂಬುವವರೆಗೆ ಯಾರೂ ಯಾವ ವಿಷಯಕ್ಕೂ ಅಭಿಪ್ರಾಯ ಕೇಳುವುದಿಲ್ಲ. ಅಲ್ಲಿ ಮೂರು ವರ್ಷದ ಕೂಸೂ ದೇಶದ ಹಾಡು ಯಾವುದಾಗಬೇಕೆಂದು ಬೆರಳು ಒತ್ತುತ್ತದೆ.

ನನ್ನ ಮೊಮ್ಮಗಳು ಈ ಹಕ್ಕನ್ನು ಬಹಳ ಗಂಭೀರವಾಗಿ ಚಲಾಯಿಸುವವಳು. ಆ ವರ್ಷದ ಮಾರ್ಚಿಯಲ್ಲಿ ಫೋನಿನಲ್ಲಿ ನನಗೆ ಇಡೀ ಸ್ಪರ್ಧೆಯ ವಿವರ ಕೊಟ್ಟು, ‘ತಾತ, ಮುಂದಿನ ಸಲ ನನಗೆ ಹತ್ತು ವರ್ಷ. ದೊಡ್ಡ ಮಕ್ಕಳ ಗುಂಪಿಗೆ ಹಾಕಿಬಿಡ್ತಾರೆ’ ಎಂದು ನಿಟ್ಟುಸಿರು ಬಿಟ್ಟಳು. ಅವಳು ಮೆಚ್ಚಿ ವೋಟು ಹಾಕಿದ ಹಾಡೇ ಗೆದ್ದಿತಂತೆ. ಯಾವುದರ ಮೇಲಿನ ಹಾಡು ಎಂದು ಕೇಳಿದೆ. ‘ಸ್ನಾನ’ ಎಂದಳು.

ನಾನು ನಕ್ಕೆ. ಆದರೆ ವಿಷಯ ನಗುವುದಷ್ಟೇ ಅಲ್ಲ. ಸ್ವೀಡನ್ನಿನ ಪಕ್ಕದ ದೇಶ ಫಿನ್ಲೆಂಡು. ಅಲ್ಲಿ ಸ್ವೀಡಿಷ್ ಮಾತಾಡುವ ಜನ ಸ್ವಲ್ಪ ಭಾಗದಲ್ಲಿದ್ದಾರೆ, ಕಾಸರಗೋಡಿನಲ್ಲಿ ನಮ್ಮ ಕನ್ನಡಿಗರಿದ್ದಂತೆ. ಅಂಥ ಕಡೆಯ ವೋರೊ ಎಂಬ ಚಿಕ್ಕ ಊರಿನ ಮೂವರು ಗೆಳೆಯರು ಸೇರಿ ತಮ್ಮ ಹೆಸರುಗಳ ಮೊದಲಕ್ಷರಗಳಿಂದ ‘ಕಾಯ್’ ಎಂದು ಮೇಳ ಕಟ್ಟಿಕೊಂಡವರು. ಅವರು ತಮ್ಮ ಹಳ್ಳಿಯ ಸ್ವೀಡಿಷ್ ಮಾತಿನಲ್ಲಿ, ಮರದ ಕೋಣೆಯೊಳಗೆ ಕುಳಿತು ಬಿಸಿ ಹಬೆಯಲ್ಲಿ ಬೆವರುವ ಸುಖದ ಮೇಲೆ ಹಾಡು ಕಟ್ಟಿ ಸ್ವೀಡನ್ನಿನ ಸ್ಪರ್ಧೆಗೆ ಬಂದರು. ಯೂರೋವಿಷನ್ನನ್ನೇ 2015ರಲ್ಲಿ ಗೆದ್ದು ಬಂದಿದ್ದ ಹೆಸರಾಂತ ಗಾಯಕ ಎದುರಿಗಿದ್ದರೂ ಜನ ಈ ಹಬೆಯ ಹಾಡನ್ನೇ ಆರಿಸಿದರು. ನಮ್ಮ ಕಡೆಯ ಹುಡುಗರು ಹಂಡೆ ಒಲೆ, ಹರಳೆಣ್ಣೆ, ಸೀಗೇಪುಡಿಯ ಮೇಲೆ ಮಂಡ್ಯದ ಮಾತಿನಲ್ಲೇ ಹಾಡು ಕಟ್ಟಿ ದೆಹಲಿಯಲ್ಲಿ ಗೆದ್ದಂತಾಯಿತು.

ಇದರ ಬೆಲೆ ತಿಳಿಯಬೇಕಾದರೆ ಅಲ್ಲಿನ ಭಾಷೆಯ ಜಗಳವನ್ನು ತಿಳಿಯಬೇಕು. 1965ರಲ್ಲಿ ಸ್ವೀಡನ್ನಿನ ಗಾಯಕರೊಬ್ಬರು ಯೂರೋವಿಷನ್ನಿನಲ್ಲಿ ಇಂಗ್ಲಿಷಿನಲ್ಲಿ ಹಾಡಿದರು. ಮರುವರ್ಷವೇ ‘ಅವರವರ ದೇಶದ ಭಾಷೆಯಲ್ಲೇ ಹಾಡಬೇಕು’ ಎಂಬ ಕಟ್ಟಳೆ ಬಂತು. 1973ರಲ್ಲಿ ಅದು ಸಡಿಲವಾಯಿತು. 1974ರಲ್ಲಿ ಸ್ವೀಡನ್ನಿನದೇ ಆದ ಆಬಾ ಮೇಳ ‘ವಾಟರ್‌ಲೂ’ ಎಂಬ ಹಾಡನ್ನು ಇಂಗ್ಲಿಷಿನಲ್ಲಿ ಹಾಡಿ ಗೆದ್ದು ಜಗತ್ತಿಗೆಲ್ಲ ಹೆಸರಾಯಿತು. 1977ರಲ್ಲಿ ಮತ್ತೆ ಕಟ್ಟಳೆ. 1999ರಲ್ಲಿ ಮತ್ತೆ ಸಡಿಲ. ಅಲ್ಲಿಂದೀಚೆಗೆ ಸ್ವೀಡನ್ ಕಳುಹಿಸಿದ್ದೆಲ್ಲ ಇಂಗ್ಲಿಷ್ ಹಾಡುಗಳೇ. 1998ರ ನಂತರ ಸ್ವೀಡಿಷ್ ಮಾತಿನಲ್ಲಿ ಹೋದ ಮೊದಲ ಹಾಡು 2025ರ ಈ ಸ್ನಾನದ ಹಾಡು. ಅದನ್ನೂ ಹಾಡಿದವರು ಗಡಿಯಾಚೆಯವರು! ಮನೆಯವರು ಮರೆತ ಮಾತನ್ನು ನೆಂಟರು ಬಂದು ನೆನಪಿಸಿದ ಹಾಗೆ.

ಆ ಹಾಡು ಬಾಸೆಲ್ ನಗರದಲ್ಲಿ ನಡೆದ ಅಂತಿಮ ಸ್ಪರ್ಧೆಯಲ್ಲಿ ಗೆಲ್ಲಲಿಲ್ಲ, ನಾಲ್ಕನೆಯದಾಯಿತು. ಗೆದ್ದದ್ದು ಆಸ್ಟ್ರಿಯ. ‘ಬೇಜಾರಾಯಿತೇ?’ ಎಂದು ಮೊಮ್ಮಗಳನ್ನು ಕೇಳಿದೆ. ‘ಇಲ್ಲ ತಾತ, ನಾವಿನ್ನೂ ಅದನ್ನೇ ಹಾಡ್ತಿದೀವಿ’ ಎಂದಳು.

ಮಗುವಿನ ಈ ಮಾತಿಗೆ ಇತಿಹಾಸದ ಆಧಾರವೂ ಉಂಟು. 1978ರಲ್ಲಿ ನಾರ್ವೆ ದೇಶ ಯಾನ್ ಟೈಗೆನ್ ಎಂಬ ಗಾಯಕನನ್ನು ಕಳುಹಿಸಿತು. ಉಳಿದ ದೇಶಗಳೆಲ್ಲ ಸೇರಿ ಅವನ ಹಾಡಿಗೆ ಕೊಟ್ಟ ಅಂಕ ಸೊನ್ನೆ. ಆದರೆ ಅದೇ ಹಾಡು ನಾರ್ವೆಯಲ್ಲಿ ಮನೆಮಾತಾಯಿತು. ಸೊನ್ನೆ ತಂದ ಗಾಯಕ ಜನರ ಪ್ರೀತಿಯ ಗಾಯಕನಾಗಿ ಬಾಳಿದ. ಇನ್ನೊಂದು ಕಡೆ ಪೋರ್ಚುಗಲ್ ದೇಶ 1964ರಿಂದ ಸ್ಪರ್ಧೆಗೆ ಬರುತ್ತಿದ್ದು, ಮೊದಲ ಸಲ ಗೆದ್ದದ್ದು 2017ರಲ್ಲಿ, ಪೋರ್ಚುಗೀಸ್ ಭಾಷೆಯ ಮೆಲುದನಿಯ ಹಾಡೊಂದರಿಂದ. ಪರರಿಗೆ ಏನು ಹಿಡಿಸುತ್ತದೆಯೆಂದು ಊಹೆ ಮಾಡಿ ಹಾಡು ಕಟ್ಟುವವರಿಗೆ ಈ ಎರಡು ಕಥೆಗಳೂ ಒಂದೇ ನೀತಿಯನ್ನು ಹೇಳುತ್ತವೆ: ಪರರ ಕಿವಿ ನಮ್ಮ ಊಹೆಗೆ ಸಿಕ್ಕುವಂಥದ್ದಲ್ಲ.

ನಮ್ಮ ದೇಶ ಇಂಥ ಪಂದ್ಯಕ್ಕೆ ಹೋದದ್ದಿಲ್ಲ. ಆದರೆ ಪರದೇಶದ ಸಭೆಯಲ್ಲಿ ‘ನಿಮ್ಮ ಹಾಡು ಯಾವುದು?’ ಎಂಬ ಪ್ರಶ್ನೆ ನಮಗೂ ಎದುರಾಗಿತ್ತು. ಸ್ವಾತಂತ್ರ್ಯ ಬಂದ 1947ರಲ್ಲಿಯೇ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಅಧಿವೇಶನಕ್ಕೆ ಹೋಗಿದ್ದ ನಮ್ಮ ನಿಯೋಗವನ್ನು, ವಾದ್ಯವೃಂದದವರು ನುಡಿಸಲು ನಿಮ್ಮ ರಾಷ್ಟ್ರಗೀತೆಯನ್ನು ಕೊಡಿ ಎಂದು ಕೇಳಿದರು. ರಾಷ್ಟ್ರಗೀತೆ ಇನ್ನೂ ತೀರ್ಮಾನವಾಗಿರಲಿಲ್ಲ. ನಿಯೋಗದವರ ಬಳಿ ‘ಜನಗಣಮನ’ದ ಒಂದು ಗ್ರಾಮಫೋನ್ ತಟ್ಟೆ ಇತ್ತು, ಅದನ್ನೇ ಕೊಟ್ಟರು. ವಾದ್ಯವೃಂದದವರು ಅಭ್ಯಾಸ ಮಾಡಿ ನುಡಿಸಿದರು. ಕೇಳಿದವರು ಬಹಳ ಮೆಚ್ಚಿದರೆಂದೂ, ಅನೇಕ ದೇಶಗಳವರು ಅದರ ಸ್ವರಲಿಪಿಯನ್ನು ಕೇಳಿದರೆಂದೂ ಜವಾಹರಲಾಲ್ ನೆಹರೂ 1948ರ ಆಗಸ್ಟಿನಲ್ಲಿ ಸಂವಿಧಾನ ಸಭೆಯಲ್ಲಿ ಹೇಳಿದರು. ರಾಷ್ಟ್ರಗೀತೆಗೆ ಮಾತಿಗಿಂತ ಧಾಟಿ ಮುಖ್ಯವೆಂಬುದು ಅವರ ವಾದವಾಗಿತ್ತು. 1950ರ ಜನವರಿ 24ರಂದು ತೀರ್ಮಾನ ಹೊರಬಿತ್ತು: ‘ಜನಗಣಮನ’ ರಾಷ್ಟ್ರಗೀತೆ; ‘ವಂದೇ ಮಾತರಂ’ಗೆ ಸಮಾನ ಗೌರವ. ಪೂರ್ತಿ ಹಾಡಲು ಸುಮಾರು 52 ಸೆಕೆಂಡು. ಟಾಗೋರರ ಐದು ಚರಣಗಳಲ್ಲಿ ಒಂದೇ ಒಂದು ದೇಶದ ಪರವಾಗಿ ಎದ್ದು ನಿಂತಿತು. ಉಳಿದ ನಾಲ್ಕು ಪುಸ್ತಕದಲ್ಲಿ ಕುಳಿತವು.

ನಮ್ಮ ರಾಜ್ಯದ ಕಥೆಯಂತೂ ಇನ್ನೂ ಹತ್ತಿರದ್ದು. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ 2004ರಲ್ಲಿ ನಾಡಗೀತೆಯೆಂದು ಘೋಷಣೆಯಾಯಿತು. ಮಾತಿನ ಮೇಲೆ ಒಪ್ಪಿಗೆಯಾಯಿತು, ಧಾಟಿಯ ಮೇಲೆ ಆಗಲಿಲ್ಲ. ಮೈಸೂರು ಅನಂತಸ್ವಾಮಿಯವರ ಧಾಟಿಯೋ, ಸಿ. ಅಶ್ವತ್ಥ್ ಅವರ ಧಾಟಿಯೋ? ಸಮಿತಿಗಳು ಕೂಡಿದವು, ಪತ್ರಿಕೆಗಳಲ್ಲಿ ವಾದಗಳು ನಡೆದವು. ಅನಂತಸ್ವಾಮಿಯವರು 1995ರಲ್ಲಿ, ಅಶ್ವತ್ಥರು 2009ರಲ್ಲಿ ತೀರಿಕೊಂಡರು. ವಾದ ಮಾತ್ರ ಚಿರಂಜೀವಿಯಾಗಿ ಉಳಿಯಿತು. ಕೊನೆಗೆ 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಗೊತ್ತುಮಾಡಿ, ಆಲಾಪನೆಯಿಲ್ಲದೆ, ಪುನರಾವರ್ತನೆಯಿಲ್ಲದೆ 2 ನಿಮಿಷ 30 ಸೆಕೆಂಡಿನಲ್ಲಿ ಪೂರ್ತಿ ಹಾಡಬೇಕೆಂದು ಆಜ್ಞೆ ಹೊರಡಿಸಿತು. ನಮ್ಮ ಜಿಲ್ಲೆಯ ಕಿಕ್ಕೇರಿಯ ಹೆಸರನ್ನು ಹೊತ್ತ ಗಾಯಕ ಕಿಕ್ಕೇರಿ ಕೃಷ್ಣಮೂರ್ತಿಯವರು ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದರು. 2024ರಲ್ಲಿ ಹೈಕೋರ್ಟು ಸರ್ಕಾರದ ಆಜ್ಞೆಯನ್ನೇ ಎತ್ತಿಹಿಡಿಯಿತು. ಹಾಡಿನ ಜಗಳ ನ್ಯಾಯಾಲಯಕ್ಕೆ ಹೋದದ್ದನ್ನು ಕಂಡು ನಕ್ಕವರಿದ್ದಾರೆ. ನನಗೆ ನಗು ಬರಲಿಲ್ಲ. ಗದ್ದೆಯ ಬದುವಿಗಾಗಿ, ಹಿತ್ತಲಿನ ತೆಂಗಿನ ಮರಕ್ಕಾಗಿ ತಲೆತಲಾಂತರ ಕೋರ್ಟು ಅಲೆಯುವ ಜನ ನಾವು. ಒಂದು ಧಾಟಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದವರು ಉಂಟು ಎಂಬುದು ನಾಡಿಗೆ ಮರ್ಯಾದೆಯ ವಿಷಯವೇ.

ಇಷ್ಟೆಲ್ಲ ನನ್ನ ತಲೆಯಲ್ಲಿ ಸುಳಿದಾಡುವುದಕ್ಕೆ ಕಾರಣ, ಅದೇ ವರ್ಷದ ಬೇಸಗೆಯಲ್ಲಿ ಮೊಮ್ಮಗಳ ಶಾಲೆಯಲ್ಲಿ ಏರ್ಪಾಡಾಗಿದ್ದ ಒಂದು ಹಾಡಿನ ದಿನ. ಆ ಶಾಲೆಯಲ್ಲಿ ಹಲವು ದೇಶಗಳಿಂದ ಬಂದ ಮಕ್ಕಳಿದ್ದಾರೆ. ಪ್ರತಿ ಮಗುವೂ ತನ್ನ ಮನೆಮಾತಿನ ಒಂದು ಹಾಡನ್ನು ಹಾಡಬೇಕು. ಅಲ್ಲಿಯೂ ಮೂರೇ ನಿಮಿಷ. ‘ನಮ್ಮ ಊರಿನ ಹಾಡು ಯಾವುದು ತಾತ? ನೀವೆಲ್ಲ ಸೇರಿ ಆರಿಸಿ ಕಳುಹಿಸಿ’ ಎಂದು ಮಗು ಅಪ್ಪಣೆ ಮಾಡಿತು.

ಸರಿ, ಆರಿಸುವ ಸಭೆ ಸೇರಿತು. ಮಂಡ್ಯದಿಂದ ನಾನು, ಮಳವಳ್ಳಿಯಿಂದ ದೊಡ್ಡಮ್ಮನ ಮಗ. ಇಬ್ಬರಿಗೂ ಅನುಕೂಲವೆಂದು ಮದ್ದೂರಿನ ಅಕ್ಕನ ಮನೆ. ಭಾವನವರೇ ಅಧ್ಯಕ್ಷರು, ಏಕೆಂದರೆ ಕುರ್ಚಿ ಅವರದು.

ಭಾವನವರು ಸರ್ಕಾರಿ ನೌಕರಿಯಲ್ಲಿದ್ದು ನಿವೃತ್ತರಾದವರು. ‘ಇದರಲ್ಲಿ ಚರ್ಚೆ ಮಾಡುವುದೇನಿದೆ? ನಾಡಗೀತೆ ಇದೆಯಲ್ಲ’ ಎಂದರು. ‘ಯಾವ ಧಾಟಿ ಭಾವ?’ ಎಂದು ಮಳವಳ್ಳಿಯ ತಮ್ಮ ಕೇಳಿದ. ಭಾವನವರು ಕಾಫಿ ಲೋಟವನ್ನು ಕೆಳಗಿಟ್ಟರು. ಅಕ್ಕ ಒಳಗಿನಿಂದಲೇ, ‘ಅದು ಎದ್ದು ನಿಂತು ಹಾಡೋದು. ಮಗು ಕೇಳಿರೋದು ಮನೇಲಿ ಹಾಡೋದು’ ಎಂದಳು. ಅವಳ ಆಯ್ಕೆ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’. ಕಿಕ್ಕೇರಿಯಲ್ಲಿ ಹುಟ್ಟಿದ ಕವಿ. 1942ರಲ್ಲಿ ಬಂದ ಪುಸ್ತಕ. ಅಂದಿನಿಂದ ಮದುವೆಯಾದ ಹೊಸ ಜೋಡಿಗೆ ಉಡುಗೊರೆಯಾಗಿ ಹೋಗುತ್ತಲೇ ಇದೆ. ಜಿಲ್ಲೆಯ ಅಭಿಮಾನಕ್ಕೂ ಸರಿ, ಕಿವಿಗೂ ಹಿತ. ಆದರೆ ಒಂಬತ್ತು ವರ್ಷದ ಹುಡುಗಿ ಗಂಡಹೆಂಡಿರ ಸರಸದ ಹಾಡನ್ನು ಶಾಲೆಯಲ್ಲಿ ಹಾಡುವುದೆಂತು ಎಂದು ಭಾವನವರು ಸೇಡು ತೀರಿಸಿಕೊಂಡರು. ಅಷ್ಟರಲ್ಲಿ ಅಲ್ಲೇ ಇದ್ದ ಭಾವನವರ ತಮ್ಮನ ಮಗ, ಕಾಲೇಜು ಹುಡುಗ, ಮದ್ದೂರು ತಾಲ್ಲೂಕಿನಲ್ಲಿ ಕುಳಿತು ಅಂಬರೀಷರ ಚಿತ್ರದ ಹಾಡನ್ನು ಬಿಟ್ಟು ಬೇರೆ ಮಾತಾಡುವುದೇ ತಪ್ಪು ಎಂದು ವಾದ ಹೂಡಿದ.

ಈ ಹುಡುಗನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಸಿನಿಮಾ ಹಾಡೆಂದು ಮೂಗು ಮುರಿಯುವ ಕಾಲ ಹೋಯಿತು. 2022ರಲ್ಲಿ ನಮ್ಮ ದೇಶದ ಪರವಾಗಿ ಆಸ್ಕರ್ ಪ್ರಶಸ್ತಿಗೆ ಹೋಗಲು ಚಲನಚಿತ್ರ ಒಕ್ಕೂಟ ಆರಿಸಿದ್ದು ‘ಛೆಲ್ಲೊ ಶೋ’ ಎಂಬ ಗುಜರಾತಿ ಚಿತ್ರವನ್ನು. ಅದೇ ಸಲ ಆರಿಸದೆ ಬಿಟ್ಟ ತೆಲುಗು ಚಿತ್ರವೊಂದು ತನ್ನ ಪಾಡಿಗೆ ತಾನು ಅರ್ಜಿ ಹಾಕಿಕೊಂಡು ಹೋಯಿತು. 2023ರ ಮಾರ್ಚಿಯಲ್ಲಿ ಅದರ ‘ನಾಟು ನಾಟು’ ಹಾಡು ಅತ್ಯುತ್ತಮ ಹಾಡೆಂದು ಪ್ರಶಸ್ತಿ ತಂದಿತು. ಕೀರವಾಣಿಯವರ ರಾಗ, ಚಂದ್ರಬೋಸ್ ಅವರ ಮಾತು. ನಾಟು ಎಂದರೆ ನಾಡಿನದು, ಹಳ್ಳಿಯದು. ಮನೆಯವರು ಕಳುಹಿಸಿದ ಮಗ ಬರಿಗೈಯಲ್ಲಿ ಬಂದ, ಹೇಳದೆ ಹೋದ ಮಗ ಗೆದ್ದು ಬಂದ ಎಂಬಂತೆ ಆಯಿತು. ಆರಿಸುವವರ ವಿನಯಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಮಳವಳ್ಳಿಯ ತಮ್ಮ ಅಷ್ಟು ಹೊತ್ತೂ ಹೆಚ್ಚು ಮಾತಾಡಿರಲಿಲ್ಲ. ‘ನೀವೆಲ್ಲ ಹೇಳಿದ್ದು ಯಾರೋ ಬರೆದ ಹಾಡು. ನಮ್ಮ ಕಡೆ ಬರೆಯದ ಹಾಡು ಎಷ್ಟಿಲ್ಲ?’ ಎಂದ. ಅವನ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ಕ್ಷೇತ್ರ. ನೀಲಗಾರರು ತಂಬೂರಿ ಹಿಡಿದು, ಗಗ್ಗರ ಆಡಿಸುತ್ತ ಆ ಕಾವ್ಯವನ್ನು ಹಾಡಲು ಕುಳಿತರೆ ಕೋಳಿ ಕೂಗುವವರೆಗೆ ಏಳುವುದಿಲ್ಲ. ಮಾದೇಶ್ವರನ ಕಥೆ ಹಾಡುವ ಕಂಸಾಳೆಯವರದೂ ಹಾಗೆಯೇ. ಅಕ್ಷರ ಬಾರದವರ ಬಾಯಿಂದ ಬಾಯಿಗೆ ಬಂದ ಕಾವ್ಯ ಅದು. ಬಸವಣ್ಣನ ಕಲ್ಯಾಣಕ್ಕೇ ಹೋಗಿ ಪರೀಕ್ಷೆ ಮಾಡಿದ ಗುರುವಿನ ಕಥೆ. ‘ಇದಕ್ಕಿಂತ ದೊಡ್ಡದು ಯಾವುದಿದೆ?’ ಎಂದು ಅವನು ಕೇಳಿದಾಗ ಯಾರೂ ಇಲ್ಲವೆನ್ನಲಿಲ್ಲ. ಆದರೆ ಮೂರು ನಿಮಿಷದಲ್ಲಿ ನೀಲಗಾರರು ತಂಬೂರಿಯ ಶ್ರುತಿಯನ್ನೂ ಕೂಡಿಸಿಕೊಂಡಿರುವುದಿಲ್ಲ. ಕೊನೆಗೆ ಅವನೇ, ‘ಅವ್ವನ್ನ ಕೇಳಿ ನೋಡೋಣ ಬನ್ನಿ, ಅವಳ ಹತ್ತಿರ ಚಿಕ್ಕವು ಇರಬಹುದು’ ಎಂದ. ಮರುದಿನ ನಾನೂ ಅಕ್ಕನೂ ಮಳವಳ್ಳಿಯ ಬಸ್ಸು ಹತ್ತಿದೆವು.

ದೊಡ್ಡಮ್ಮನಿಗೆ ಎಂಬತ್ತಾರು. ಕಣ್ಣು ಮಂಜು, ಕಿವಿ ಚುರುಕು. ವಿಷಯವನ್ನೆಲ್ಲ ಕೇಳಿ, ‘ಯಾವ ಪದ ಬೇಕು? ಸೋಬಾನೆಯೋ, ನಾಟಿದೋ, ಬೀಸೋ ಪದವೋ?’ ಎಂದಳು. ‘ಯಾವುದಾದರೂ ಸರಿ, ಚಿಕ್ಕದು’ ಎಂದು ಫೋನನ್ನು ಅವಳ ಮುಂದೆ ಹಿಡಿದೆ. ದೊಡ್ಡಮ್ಮ ಫೋನನ್ನು ನೋಡಿದಳು, ನನ್ನನ್ನು ನೋಡಿದಳು.

‘ಸುಮ್ಕೆ ಕುಂತ್ಕಂಡು ಹೆಂಗಪ್ಪ ಹಾಡದು? ಕೈ ಆಡ್ದೆ ಬಾಯಿ ಆಡಾಕಿಲ್ಲ.’

ತಮ್ಮನೂ ಅವನ ಮಗನೂ ಸೇರಿ ಕೊಟ್ಟಿಗೆಯ ಮೂಲೆಯಲ್ಲಿದ್ದ ರಾಗಿಕಲ್ಲನ್ನು ಹೊತ್ತು ತಂದು ಪಡಸಾಲೆಯಲ್ಲಿ ಇಟ್ಟರು. ತೊಳೆದು ಒರಸಿದ್ದಾಯಿತು. ಗೂಟ ಸಡಿಲವಾಗಿತ್ತು, ಬಟ್ಟೆ ಸುತ್ತಿ ಬಿಗಿದರು. ಮೊರದಲ್ಲಿ ಒಂದು ಸೇರು ರಾಗಿ ಬಂತು. ದೊಡ್ಡಮ್ಮ ಕಾಲು ನೀಡಿ ಕುಳಿತು, ಎದುರಿಗೆ ಅಕ್ಕನನ್ನು ಕೂರಿಸಿಕೊಂಡು, ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿ ಹಾಕಿ ಗೂಟ ತಿರುಗಿಸಿದಳು. ಕಲ್ಲು ಒಂದು ಸುತ್ತು ಬಂತು, ಎರಡು ಸುತ್ತು ಬಂತು. ಮೂರನೆಯ ಸುತ್ತಿಗೆ ದನಿ ಎದ್ದಿತು. ಆ ದನಿಯನ್ನು ಇಂಪೆಂದು ಹೇಳಲಾರೆ. ಕಲ್ಲಿನ ಗರಗರಕ್ಕೆ ಸರಿಯಾಗಿ ಅದು ಎಳೆಯುತ್ತಿತ್ತು, ಕಲ್ಲು ತಿರುಗುವ ಕಡೆ ತಾನೂ ತಿರುಗುತ್ತಿತ್ತು. ಮೊದಲು ಕಲ್ಲಿಗೆ ನಮಸ್ಕಾರ, ಆಮೇಲೆ ರಾಗಿಗೆ, ಆಮೇಲೆ ಬೆಳೆದ ಹೊಲಕ್ಕೆ. ಅಲ್ಲಿಂದ ತವರು, ತವರಿನ ದಾರಿ, ಕರೆಯಲು ಬಾರದ ಅಣ್ಣ. ಅಕ್ಕ ಮೊದಲು ಸುಮ್ಮನೆ ಕೈಜೋಡಿಸಿದ್ದವಳು, ಯಾವಾಗಲೋ ತಾನೂ ದನಿಗೂಡಿಸಿದಳು. ಅವಳಿಗೆ ಈ ಪದ ಬರುತ್ತದೆಂಬುದು ನನಗೆ ಅರವತ್ತು ವರ್ಷಗಳಲ್ಲಿ ತಿಳಿದಿರಲಿಲ್ಲ.

ಮೂರು ನಿಮಿಷ ಮುಗಿದಾಗ ಅವರು ಇನ್ನೂ ಹೊಲದಲ್ಲೇ ಇದ್ದರು. ಹನ್ನೊಂದನೆಯ ನಿಮಿಷದಲ್ಲಿ ಹಾಡು ತಟ್ಟನೆ ನಿಂತಿತು. ಅಣ್ಣ ಬಂದನೋ ಇಲ್ಲವೋ ತಿಳಿಯಲಿಲ್ಲ. ‘ಮುಗಿಯಿತೇ ದೊಡ್ಡಮ್ಮ?’ ಎಂದೆ.

‘ರಾಗಿ ಮುಗೀತಲ್ಲಪ್ಪ’ ಎಂದಳು.

ಹಾಡಿನ ಅಳತೆ ಗಡಿಯಾರದಲ್ಲಿರಲಿಲ್ಲ, ಮೊರದಲ್ಲಿತ್ತು. ಹಬ್ಬಕ್ಕೆ ನಾಲ್ಕು ಸೇರು ಬೀಸಿದರೆ ಹಾಡು ನಾಲ್ಕು ಸೇರಿನದು. ಅಣ್ಣ ಬರುತ್ತಾನೆ, ಸೀರೆ ತರುತ್ತಾನೆ, ಅತ್ತಿಗೆ ಮುಖ ತಿರುವುತ್ತಾಳೆ. ಬರಗಾಲದಲ್ಲಿ ಅರ್ಧ ಸೇರಾದರೆ ಹಾಡೂ ಅರ್ಧಕ್ಕೇ ನಿಲ್ಲುತ್ತದೆ. ನೀಲಗಾರರ ಹಾಡಿಗೆ ಇರುಳು ಅಳತೆ, ನಾಟಿಯ ಹಾಡಿಗೆ ಗದ್ದೆ ಅಳತೆ. ಇದನ್ನು ಲುಗಾನೊದವರು ಮೂರು ನಿಮಿಷಕ್ಕೆ ಕತ್ತರಿಸುವುದೆಂತು? ದೇಶಗಳು ಹಾಡನ್ನು ಆರಿಸುತ್ತವೆ ಎಂದು ನಾವು ಹೇಳುತ್ತೇವೆ. ಆರಿಸುವುದಕ್ಕಿಂತ ಮೊದಲು ಹಾಡನ್ನು ಅದರ ಕೆಲಸದಿಂದ ಬಿಡಿಸಬೇಕು, ಆಮೇಲೆ ಅಳೆದು ಕತ್ತರಿಸಬೇಕು. ಹಾಗೆ ಕತ್ತರಿಗೆ ಸಿಕ್ಕುವ ಹಾಡುಗಳು ಮಾತ್ರ ಪರವೂರಿಗೆ ಹೋಗುತ್ತವೆ. ಉಳಿದವು ನಮ್ಮ ಪರವಾಗಿ ಎಂದೂ ಮಾತಾಡುವುದೇ ಇಲ್ಲ.

ಸಂಜೆಗೆ ಭಾವನವರೂ ಬಂದು ಸೇರಿದರು. ಫೋನಿನಲ್ಲಿ ಹಾಡನ್ನು ಕೇಳಿ ಅವರು ಎತ್ತಿದ ಆಕ್ಷೇಪಣೆ ಹಗುರವಾದದ್ದಲ್ಲ. ‘ಅಲ್ಲಯ್ಯ, ಆ ದೇಶದವರ ಮುಂದೆ ನಾವಿನ್ನೂ ರಾಗಿ ಬೀಸುತ್ತ ಕೂತಿದ್ದೇವೆ ಎಂದು ತೋರಿಸಬೇಕೆ?’ ಎಂದರು. ಅದಕ್ಕೆ ನಾನು ಸಂಸ್ಕೃತಿ, ಪರಂಪರೆ ಎಂದು ಏನೋ ಹೇಳಲು ಹೊರಟೆ. ದೊಡ್ಡಮ್ಮ ತಡೆದಳು.

‘ಅವ್ರು ಹೇಳದು ಸರಿ ಕಣ್ ಮಗ. ಊರಿಗೆ ಮಿಲ್ಲು ಬಂದಾಗ ಮಾರಮ್ಮನ ಗುಡಿಗೆ ಹೋಗಿ ಕಾಯಿ ಒಡ್ಸಿದ್ದೆ ನಾನು. ಪದ ಚೆಂದ. ಬೀಸದು ಚೆಂದ ಅಂತ ನಿಂಗ್ಯಾರು ಹೇಳಿದ್ರು?’

ಯಾರಿಂದಲೂ ಉತ್ತರ ಬರಲಿಲ್ಲ. ಹಳೆಯದೆಲ್ಲ ಹೋಯಿತೆಂದು ಮರುಗುವ ನಮ್ಮಂಥ ಬರಹಗಾರರು ಈ ಕಾಯಿಯನ್ನು ಮರೆಯಬಾರದು. ಕೋಳಿ ಕೂಗುವ ಮೊದಲೇ ಎದ್ದು, ಮನೆಮಂದಿಗೆಲ್ಲ ಬೀಸಿ, ತೋಳು ನೋವಿಗೆ ಔಷಧವಾಗಿ ಹೆಂಗಸರು ಈ ಪದಗಳನ್ನು ಕಟ್ಟಿದರು. ನೋವು ಹೋದದ್ದು ಒಳ್ಳೆಯದಾಯಿತು. ಆದರೆ ನೋವಿನ ಜೊತೆಯಲ್ಲಿ ಔಷಧವನ್ನೂ ಚೆಲ್ಲಬೇಕಾಗಿತ್ತೇ?

‘ಹಾಗಾದರೆ ಮಗುವಿಗೆ ಯಾವ ಭಾಗ ಕಳುಹಿಸೋಣ? ಮೂರು ನಿಮಿಷವೇ ಇರುವುದು’ ಎಂದು ಅಕ್ಕ ಕೇಳಿದಳು. ದೊಡ್ಡಮ್ಮ ಸ್ವಲ್ಪ ಯೋಚಿಸಿ ಹೇಳಿದಳು:

‘ಮಗ ಎಷ್ಟು ಬೀಸ್ತದೋ ಅಷ್ಟು ಹಾಡ್ಲಿ.’

ಹಾಗೆಯೇ ಆಯಿತು. ಸ್ವೀಡನ್ನಿನಲ್ಲಿ ರಾಗಿಕಲ್ಲು ಎಲ್ಲಿಯದು? ಮೊಮ್ಮಗಳು ಮೊದಲ ನಾಲ್ಕು ಸಾಲು ಕಲಿತಳು. ಅಕ್ಕನ ಮಗಳು ಹೇಳಿದ ಪ್ರಕಾರ, ಅವಳು ನೆಲದ ಮೇಲೆ ಕಾಲು ನೀಡಿ ಕುಳಿತು, ಇಲ್ಲದ ಕಲ್ಲನ್ನು ತಿರುಗಿಸುತ್ತ ಹಾಡಿದಳಂತೆ. ಒಂದೂವರೆ ನಿಮಿಷಕ್ಕೆ ‘ನನ್ನ ರಾಗಿ ಮುಗಿಯಿತು’ ಎಂದು ಎದ್ದಳಂತೆ. ಉಚ್ಚಾರದಲ್ಲಿ ತಪ್ಪುಗಳಿದ್ದುವಂತೆ. ಆಮೇಲೆ ಬೇರೆ ದೇಶದ ಮಕ್ಕಳು ಬಂದು ನೀನು ಏನನ್ನು ತಿರುಗಿಸುತ್ತಿದ್ದೆ ಎಂದು ಕೇಳಿದರು. ಒಬ್ಬ ಹುಡುಗ ಮಾತ್ರ ತನ್ನ ಅಜ್ಜಿಯ ಮನೆಯಲ್ಲಿಯೂ ಅಂಥ ಕಲ್ಲು ಇದೆಯೆಂದು ಹೇಳಿದನಂತೆ. ಯಾವ ದೇಶದವನೋ, ಕೇಳುವುದನ್ನು ಅವಳು ಮರೆತಿದ್ದಳು. ಅಂಕಗಿಂಕ ಯಾರೂ ಕೊಡಲಿಲ್ಲ.

ಇಷ್ಟಾದ ಮೇಲೆ ನನ್ನ ಮನಸ್ಸು ಒಂದು ಕಡೆ ನಿಂತಿದೆ. ನಾಡಿಗೆ ಒಂದು ಹಾಡು ಬೇಕು. ಅದನ್ನು ಗೊತ್ತಾದ ಧಾಟಿಯಲ್ಲಿ, ಗೊತ್ತಾದ ನಿಮಿಷದಲ್ಲಿ ಎಲ್ಲರೂ ಸೇರಿ ಹಾಡಬೇಕು. ಅದರ ಮೇಲೆ ಜಗಳವಾದರೆ ಆಗಲಿ. ಜಗಳವಿಲ್ಲದೆ ಆರಿಸಿದ ಹಾಡಿನ ಮೇಲೆ ಯಾರಿಗೂ ಪ್ರೀತಿಯಿಲ್ಲವೆಂದೇ ಅರ್ಥ. ಆದರೆ ಒಂದನ್ನು ಆರಿಸಿದ ಕೂಡಲೇ ಉಳಿದವುಗಳ ಲೆಕ್ಕ ಮುಗಿಯಿತೆಂದು ತಿಳಿಯಬಾರದು. ಸ್ಪರ್ಧೆಗೆ ಹೋದ ಹಾಡನ್ನು ಜಗತ್ತು ಕಾಪಾಡುತ್ತದೆ. ಮನೆಯಲ್ಲಿ ಉಳಿದ ಹಾಡಿಗೆ ಮನೆಯವರೇ ಗತಿ.

ನನ್ನ ಫೋನಿನಲ್ಲಿ ಹನ್ನೊಂದು ನಿಮಿಷದ ಹಾಡಿದೆ. ಅಣ್ಣ ಇನ್ನೂ ದಾರಿಯಲ್ಲಿದ್ದಾನೆ. ಮುಂದಿನದು ದೊಡ್ಡಮ್ಮನಿಗೆ ಪೂರ್ತಿ ಗೊತ್ತು, ಅಕ್ಕನಿಗೆ ಅರ್ಧ ಗೊತ್ತು, ನನಗೆ ಏನೂ ಗೊತ್ತಿಲ್ಲ. ಈ ಭಾನುವಾರ ಅಕ್ಕನನ್ನು ಕರೆದುಕೊಂಡು ಮಳವಳ್ಳಿಗೆ ಹೋಗುವವನಿದ್ದೇನೆ. ನಾಲ್ಕು ಸೇರು ರಾಗಿ ತೆಗೆದಿರಿಸಲು ತಮ್ಮನಿಗೆ ಹೇಳಿದ್ದೇನೆ.